ಲೇಡಿ ಡಾಕ್ಟರಿಗೆ ಎಲುಬಿನಲ್ಲಿ ಎಂತ ಕೆಲಸ?

ನಮ್ಮ ಜನರ ಪ್ರಕಾರ ಡಾಕ್ಟರರಲ್ಲಿ ಎರಡೇ ಬಗೆ. ಒಂದು ಡಾಕ್ಟರ್, ಇನ್ನೊಂದು ಲೇಡಿ ಡಾಕ್ಟರ್. ಡಾಕ್ಟರ್ ಎಂದರೆ ಜ್ವರ, ಕೆಮ್ಮು, ಹಾರ್ಟು, ಕಿಡ್ನಿ, ಎಲುಬು ಎಲ್ಲದಕ್ಕೂ. ಲೇಡಿ ಡಾಕ್ಟರ್ ಎಂದರೆ ಹೆರಿಗೆಗೆ. ಹೆಂಗಸೊಬ್ಬಳು ಕಣ್ಣಿನ ಆಸ್ಪತ್ರೆ ತೆರೆದು ಬೋರ್ಡಿನ ಮೇಲೆ ಆನೆಯಷ್ಟು ದೊಡ್ಡ ಕಣ್ಣು ಬರೆಸಿದರೂ, ನಮ್ಮವರು ಸೊಸೆಯನ್ನು ಕರೆದುಕೊಂಡು ಒಳಗೆ ಹೋಗಿ "ಎಷ್ಟನೇ ತಿಂಗಳು ಅಂತ ಸ್ವಲ್ಪ ನೋಡಿ ಅಮ್ಮಾ" ಅನ್ನುತ್ತಾರೆ. ಬಹಳ ಅನುಕೂಲದ ತಿಳುವಳಿಕೆ ಇದು. ಯೋಚನೆ ಮಾಡುವ ಕಷ್ಟ ಇಲ್ಲ. ಯೋಚನೆ ಓದಿದವರ ಕೆಲಸ. ಅವರೂ ಮಾಡುವುದಿಲ್ಲ ಎನ್ನುವುದು ಬೇರೆ ಮಾತು.

ನನ್ನ ಮಗಳು ಫಿಲಿಪೈನ್ಸಿನಲ್ಲಿ ಡಾಕ್ಟರಿ ಓದಿ ಬಂದವಳು. ಬಂದ ಮೇಲೆ ಇಲ್ಲಿನ ಸರಕಾರ ಇಟ್ಟ ಪರೀಕ್ಷೆ ಪಾಸು ಮಾಡಿದಳು, ಇಲ್ಲಿನ ಆಸ್ಪತ್ರೆಯಲ್ಲಿ ಇಂಟರ್ನ್ ಅಂತ ದುಡಿದಳು, ಮುಂದೆ ಓದಲು ಬರೆಯುವ ದೊಡ್ಡ ಪರೀಕ್ಷೆಯಲ್ಲೂ ಒಳ್ಳೆಯ ರ‍್ಯಾಂಕ್ ತೆಗೆದಳು. ಆ ರ‍್ಯಾಂಕಿಗೆ ಮುಂಬಯಿಯಲ್ಲೇ ಹೆರಿಗೆ ವಿಭಾಗದ ಸೀಟೂ ಸಿಗುತ್ತಿತ್ತು, ಎಲುಬಿನ ಸೀಟೂ ಸಿಗುತ್ತಿತ್ತು. ವಾರದೊಳಗೆ ಯಾವುದು ಬೇಕು ಅಂತ ಕಂಪ್ಯೂಟರಿನಲ್ಲಿ ಹೇಳಬೇಕು. ನಾನು ಹೆರಿಗೆ ಅಂದೆ. ಅವಳು ಎಲುಬು ಅಂದಳು.

ಎಲುಬು! ಗಂಡಸರ ಕೈಕಾಲು ಹಿಡಿದು ಎಳೆಯುವ ಹುಡುಗಿಗೆ ಯಾವ ಮನೆಯಿಂದ ಸಂಬಂಧ ಬರುತ್ತದೆ? ನನ್ನ ಹೆಂಡತಿಯನ್ನು ಕೇಳಿದೆ. "ಕೈಕಾಲು ನೆಟ್ಟಗಿರುವವರ ಮನೆಯಿಂದ ಬರುತ್ತದೆ" ಅಂದಳು. ನಮ್ಮ ಮನೆಯಲ್ಲಿ ಸಮಾಧಾನದ ಉತ್ತರ ಸಿಗುವುದು ಕಷ್ಟ.

ನನ್ನ ಕಷ್ಟ ಬೇರೆಯದೇ ಇತ್ತು. ನಾನು ಮಾತು ಕೊಟ್ಟಿದ್ದೆ. ಮಾಟುಂಗದಲ್ಲಿ ನಮ್ಮವರ ಒಂದು ಸಂಘ ಉಂಟು. ಅದರ ಅಧ್ಯಕ್ಷರಿಗೆ ಗೋರೆಗಾಂವ್‌ನಲ್ಲಿ ಹೆರಿಗೆ ಆಸ್ಪತ್ರೆ. "ಮಗಳು ಹೆರಿಗೆಯದ್ದೇ ಓದಲಿ ಮಾರಾಯ್ರೆ, ಆಮೇಲೆ ನಮ್ಮಲ್ಲೇ ಕೂರಲಿ. ಲೇಡಿ ಡಾಕ್ಟರ್ ಅಂತ ಬೋರ್ಡಿನಲ್ಲಿ ಹೆಸರು ಹಾಕಿಸುವ" ಅಂದರು. ಆಯಿತು ಅಂದೆ. ಆ ಸಂಘದ ಸಮಾರಂಭಗಳಿಗೆ ವರ್ಷಗಳಿಂದ ನನ್ನ ಹೋಟೆಲಿನಿಂದಲೇ ಶೀರಾ, ಉಪ್ಪಿಟ್ಟು ಹೋಗುತ್ತದೆ. ಶೀರಾ ವೇದಿಕೆ ಹತ್ತಿ ಗಣ್ಯರ ಬಾಯಿ ಸೇರುತ್ತಿತ್ತು. ನಾನು ಹಿಂದಿನ ಬಾಗಿಲಲ್ಲಿ ಪಾತ್ರೆ ಕಾಯುತ್ತಿದ್ದೆ. ಅಂಥ ಸಂಘದ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ ಮಾತಾಡಿದ್ದು ಅದೇ ಮೊದಲು. ಹೆಗಲಿಗೆ ಗೌರವ ಬಂದರೆ ಬಾಯಿ ತಾನಾಗಿ ಆಯಿತು ಅನ್ನುತ್ತದೆ.

ನಾನು ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವ. ಯಾಕೆ ಅಂತ ಕೇಳಿದವರಿಗೆಲ್ಲ, "ನನ್ನನ್ನು ಇಟ್ಟುಕೊಳ್ಳುವ ಯೋಗ್ಯತೆ ಆ ಶಾಲೆಗಿರಲಿಲ್ಲ" ಅಂತ ಹೇಳುತ್ತೇನೆ. ನಗುತ್ತಾರೆ, ಮುಂದೆ ಕೇಳುವುದಿಲ್ಲ. ಉಡುಪಿ ಕಡೆಯಿಂದ ಬಸ್ಸು ಹತ್ತಿ ಬಂದವ, ಜೋಗೇಶ್ವರಿಯ ಒಂದು ಹೋಟೆಲಿನ ಮೋರಿಯಲ್ಲಿ ತಟ್ಟೆ ತೊಳೆದೆ. ಮೋರಿಯಿಂದ ಟೇಬಲ್ಲು, ಟೇಬಲ್ಲಿನಿಂದ ದೋಸೆ ಕಾವಲಿ, ಕಾವಲಿಯಿಂದ ಗಲ್ಲಾ. ಈಗ ಗಲ್ಲಾದ ಮೇಲೆ ಕೂತವ ನಾನೇ, ಹೋಟೆಲೂ ನನ್ನದೇ. ನಡುವೆ ಯಾರ ಕೈಯೂ ಹಿಡಿದಿಲ್ಲ. ಇದನ್ನು ಜಂಬ ಅಂದರೆ ಜಂಬ. ದುಡಿದವನಿಗೆ ಅಷ್ಟೂ ಬೇಡವೇ?

ಮಗಳನ್ನು ಫಿಲಿಪೈನ್ಸಿಗೆ ಕಳಿಸಿದಾಗ ಸಂಘದವರು ನನ್ನ ಬುದ್ಧಿಮಟ್ಟದ ಬಗ್ಗೆ ಬಹಳ ಚಿಂತೆ ಮಾಡಿದರು. ಅದು ಚೀನಾದ ಪಕ್ಕವೋ ಆಫ್ರಿಕಾದ ಪಕ್ಕವೋ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅವರು ಓದಿದವರಾದ್ದರಿಂದ ಗೊತ್ತಿಲ್ಲದೆಯೂ ಮಾತಾಡಬಹುದಿತ್ತು. "ಅಲ್ಲಿ ಓದಿದವರು ಅರ್ಧ ಡಾಕ್ಟರ್ ಅಂತೆ ಹೌದಾ?" ಅಂತ ಒಬ್ಬರು ನನ್ನ ಗಲ್ಲಾದ ಎದುರೇ ಕೇಳಿದರು. "ಹೌದು, ಉಳಿದ ಅರ್ಧ ನಿಮ್ಮಂಥವರ ಕಾಯಿಲೆ ನೋಡಿ ಕಲಿಯುತ್ತಾಳೆ" ಅಂದೆ.

ಅಲ್ಲಿಂದ ಅವಳ ಫೋನು ಬಂದರೆ ಒಂದೇ ಹೆಸರು: ದೊಕ್ತೊರಾ. ಆ ಊರಿನಲ್ಲಿ ಹೆಂಗಸು ಡಾಕ್ಟರರನ್ನು ಹಾಗೆ ಕರೆಯುತ್ತಾರಂತೆ. ಇವಳಿಗೆ ಪಾಠ ಹೇಳುವ ಒಬ್ಬರು ಹಿರಿಯ ದೊಕ್ತೊರಾ, ತನ್ನ ದ್ವೀಪದಲ್ಲಿ ಆ ಕೆಲಸಕ್ಕೆ ಇಳಿದ ಮೊತ್ತಮೊದಲ ಹೆಂಗಸು. ದೊಕ್ತೊರಾ ಹಾಗೆ ಅಂದರು, ದೊಕ್ತೊರಾ ಹೀಗೆ ಅಂದರು. "ಯಾವ ಕೆಲಸ?" ಅಂತ ಕೇಳಿದ್ದಕ್ಕೆ "ಓರ್ಥೋ ಪಪ್ಪಾ" ಅಂದಿದ್ದಳು. ಓರ್ಥೋ ಅಂದರೆ ಆ ದ್ವೀಪದ ಹೆಸರು ಅಂದುಕೊಂಡೆ. ಓರ್ಥೋದ ಮೊದಲ ಲೇಡಿ ಡಾಕ್ಟರ್. ಲೇಡಿ ಡಾಕ್ಟರ್ ಅಂದ ಮೇಲೆ ಬೇರೆ ಕೇಳಲಿಕ್ಕೆ ಎಂತ ಉಂಟು?

ಸೀಟು ಆರಿಸಬೇಕಾದ ಆ ವಾರವೇ ಅವರು ಮುಂಬಯಿಗೆ ಬರುವವರಿದ್ದರು. ಇಲ್ಲಿ ಡಾಕ್ಟರರದ್ದೇ ಏನೋ ಸಭೆ, ಅಲ್ಲಿ ಅವರ ಭಾಷಣ. ಸಭೆಯವರು ಕೊಡುವ ದೊಡ್ಡ ಹೋಟೆಲ್ ಬೇಡ, ಶಿಷ್ಯೆಯ ಮನೆಯಲ್ಲೇ ಇರುತ್ತೇನೆ ಅಂದರಂತೆ. ನಾನು ಮಗಳಿಗೆ ಕೇಳಿದೆ, "ಈ ಎಲುಬಿನ ಹುಚ್ಚು ನಿನಗೆ ಹತ್ತಿಸಿದ್ದು ಯಾರು?"

"ದೊಕ್ತೊರಾ ಬರ್ತಾರಲ್ಲ ಪಪ್ಪಾ, ಅವರನ್ನೇ ಕೇಳಿ."

ಒಳ್ಳೆಯದಾಯಿತು ಅಂದುಕೊಂಡೆ. ಅಧ್ಯಕ್ಷರಿಗೆ ಸುದ್ದಿ ಹೇಳಿದೆ. ಅವರ ಮುಖ ಅರಳಿತು. "ಗುರುಗಳ ಬಾಯಿಂದಲೇ ಹೆರಿಗೆ ಅಂತ ಹೇಳಿಸಿಬಿಡಿ. ನಾವೂ ಸಂಘದಲ್ಲಿ ಅವರಿಗೆ ಒಂದು ಸನ್ಮಾನ ಇಡುವ. ನೀವೂ ವೇದಿಕೆ ಮೇಲೆ ಕೂತುಕೊಳ್ಳಿ." ಸ್ವಲ್ಪ ತಡೆದು, "ಉಪ್ಪಿಟ್ಟು ಎಂದಿನ ಹಾಗೆ" ಅಂದರು.

ವಿಮಾನ ನಿಲ್ದಾಣದಲ್ಲಿ ನಾನು ಎತ್ತರದ, ಬಿಳಿ ಕೋಟಿನ ಯಾರನ್ನೋ ಹುಡುಕುತ್ತಿದ್ದೆ. ಬಂದದ್ದು ನನ್ನ ಎದೆಯ ಮಟ್ಟಕ್ಕೂ ಬಾರದ, ಬಿಳಿ ಕೂದಲಿನ, ಕ್ಯಾನ್ವಾಸ್ ಬೂಟಿನ ಒಂದು ಅಜ್ಜಿ. ಮಗಳು ಓಡಿಹೋಗಿ ಅವರ ಕೈ ಹಿಡಿದು, ಅದರ ಹಿಂಬದಿಯನ್ನು ತನ್ನ ಹಣೆಗೆ ಒತ್ತಿಕೊಂಡಳು. ಅಯ್ಯೋ, ಬಂದ ಕೂಡಲೇ ಇವಳಿಗೆ ಜ್ವರ ನೋಡಿಸುವ ಅವಸರವೇ ಅಂತ ನಾನು. ಅದು ಆ ಊರಿನಲ್ಲಿ ಹಿರಿಯರಿಗೆ ನಮಸ್ಕಾರ ಮಾಡುವ ರೀತಿಯಂತೆ. ನನ್ನ ಹೆಂಡತಿ ಮನೆಯ ಬಾಗಿಲಲ್ಲಿ ಮಗಳು ಅದನ್ನು ಒಂದು ಸಲ ಮಾಡಿ ತೋರಿಸಿದ್ದೇ, ತಾನೂ ಹಾಗೆಯೇ ಮಾಡಿಬಿಟ್ಟಳು. ನಾನು ಕೈ ಜೋಡಿಸಿದೆ. ನನ್ನ ಹಣೆ ಅಷ್ಟು ಸಸ್ತಾ ಅಲ್ಲ.

ಬಿಲ್ಡಿಂಗಿನಲ್ಲಿ ಸುದ್ದಿ ಹಬ್ಬಿಸಿದ್ದು ನಾನೇ. ಫಾರಿನ್ನಿನಿಂದ ದೊಡ್ಡ ಲೇಡಿ ಡಾಕ್ಟರ್ ಬಂದಿದ್ದಾರೆ ಅಂತ ಲಿಫ್ಟಿನಲ್ಲಿ ಒಬ್ಬರಿಗೆ ಹೇಳಿದ್ದೆ, ಅಷ್ಟೇ. ಮರುದಿನ ಬೆಳಿಗ್ಗೆ ನಮ್ಮ ಹಾಲ್ ಹೆರಿಗೆ ವಾರ್ಡಿನ ಹಾಗೆ ಆಗಿತ್ತು. ಸೋಫಾದ ಮೇಲೆ ಇಬ್ಬರು ಗರ್ಭಿಣಿಯರು, ಊಟದ ಕುರ್ಚಿಯ ಮೇಲೆ ಇನ್ನೊಬ್ಬಳು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಎರಡನೇ ಮಹಡಿಯ ಧಾರವಾಡದ ಮುದುಕಿ, ಬಿಲ್ಡಿಂಗಿಗೆಲ್ಲ ಅವ್ವ, ಸೊಸೆಯನ್ನು ಕೈಹಿಡಿದು ಎಳಕೊಂಡು ಬಂದಳು.

"ಲೇಡಿ ಡಾಕ್ಟರ್ ಬಂದಾರಂತಲ್ರೀ? ನಮ್ಮ ಸೊಸಿದು ಒಂಚೂರು ಕೈ ಮುಟ್ಟಿ ನೋಡ್ರಿ ಅಂತ ಹೇಳ್ರಿ. ಗಂಡೋ ಹೆಣ್ಣೋ ಅಂತೂ ನಾ ಕೇಳಾಂಗಿಲ್ಲ, ಅದು ಕಾಯ್ದೆಕ್ಕ ವಿರೋಧ ಐತಿ. ಅವರ ಮಾರಿ ನೋಡಿ ತಿಳ್ಕೊಂಡರೂ ತಿಳ್ಕೊಂಡೆ."

ದೊಕ್ತೊರಾ ಸೊಸೆಯ ಕಡೆ ನೋಡಲೇ ಇಲ್ಲ. ಬಾಗಿಲಿನಿಂದ ಸೋಫಾದವರೆಗೆ ಅವ್ವ ನಡೆದು ಬಂದದ್ದನ್ನು ನೋಡಿದ್ದರು. ಅವಳನ್ನು ಕೂರಿಸಿ, ತಾವು ನೆಲದ ಮೇಲೆ ಕೂತು, ಅವಳ ಕಾಲನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಮೊಣಕಾಲು ಮಡಚಿ ಬಿಡಿಸಿದರು.

"ಏ, ನನಗೇನಾಗೇತಿ? ಬಸರಿ ಆಕಿ, ನಾನಲ್ಲ!" ಅವ್ವ ಕೂಗಿದಳು. ಸೊಸೆ ಸೆರಗು ಬಾಯಿಗೆ ತುರುಕಿಕೊಂಡಳು.

ಮಗಳು ಮಧ್ಯೆ ಬಂದು ಹೇಳಿದಳು, "ಅವ್ವಾ, ಇವರು ಡೆಲಿವರಿ ಡಾಕ್ಟರ್ ಅಲ್ಲ. ಹಡ್ಡೀ ಕೀ ಡಾಕ್ಟರ್. ಎಲುಬು, ಎಲುಬು."

ಕೂತವರೆಲ್ಲ ನನ್ನ ಮುಖ ನೋಡಿದರು. ನಾನು ಹೆಂಡತಿಯ ಮುಖ ನೋಡಿದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಲಿಕ್ಕೆ ಎಂತ ಆಗಿತ್ತು?"

"ನೀವು ಕೇಳಲಿಲ್ಲ. ನೀವು ಹೇಳುತ್ತಾ ಇದ್ದಿರಿ."

ಸೊಸೆಯಂದಿರು ಹೊರಟುಹೋದರು. ಅತ್ತೆಯಂದಿರು ಉಳಿದರು. ಸೊಂಟ, ಹಿಮ್ಮಡಿ, ಭುಜ, ಕುತ್ತಿಗೆ. ಇಷ್ಟು ದಿನ ಆ ಬಿಲ್ಡಿಂಗಿನಲ್ಲಿ ಯಾರಿಗೂ ಎಲುಬೇ ಇಲ್ಲವೇನೋ ಅಂತ ನಾನು ತಿಳಿದಿದ್ದೆ. ಇತ್ತು, ನೋಯುತ್ತಲೂ ಇತ್ತು. ಹೇಳಿಕೊಳ್ಳಲು ಹೆಂಗಸೊಬ್ಬಳು ಸಿಕ್ಕಿರಲಿಲ್ಲ. ಅವ್ವ ಇಳಿದುಹೋಗುವಾಗ ನನ್ನನ್ನು ನಿಲ್ಲಿಸಿ, "ಛಲೋ ಲೇಡಿ ಡಾಕ್ಟರ್ ಬಿಡ್ರಿ. ಬಸರಿ ಬಿಟ್ಟು ಮುದುಕಿ ಕಾಲು ಹಿಡದರು" ಅಂದಳು.

ಆದರೂ ನಾನು ಸೋಲು ಒಪ್ಪಿಕೊಳ್ಳುವವನಲ್ಲ. ಎಲುಬಿನವರಾದರೆ ಇನ್ನೂ ಒಳ್ಳೆಯದು ಅಂತ ಲೆಕ್ಕ ಹಾಕಿದೆ. ಆ ದಾರಿಯ ಕಷ್ಟ ನೋಡಿದವರು. 'ನನ್ನ ಹಾಗೆ ಒದ್ದಾಡಬೇಡ ಮಗಳೇ' ಅಂತ ಅವರೇ ಹೇಳುತ್ತಾರೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಮಗಳ ಜೊತೆ ಅವರನ್ನು ಹೋಟೆಲಿಗೆ ಕರೆಸಿದೆ.

ಇಡ್ಲಿ ಇಟ್ಟೆ. ಅವರು ಮುರಿದು ಮೂಸಿ "ಪುತೊ!" ಅಂತ ಕುಣಿದರು. ಅವರ ಕಡೆಯೂ ಅಕ್ಕಿ ಹಿಟ್ಟು ಹುಳಿ ಬರಿಸಿ ಹಬೆಯಲ್ಲಿ ಬೇಯಿಸುತ್ತಾರಂತೆ, ಅದಕ್ಕೆ ಪುತೊ ಅನ್ನುತ್ತಾರಂತೆ. ನಮ್ಮ ಇಡ್ಲಿ ಅಷ್ಟು ದೂರ ಹೋಗಿ ಹೆಸರು ಬದಲಿಸಿಕೊಂಡು ಬದುಕುತ್ತಿದೆ ಅಂತ ನಾನು. ಅವರೂ ನನ್ನ ಇಡ್ಲಿಯ ಬಗ್ಗೆ ಅದನ್ನೇ ಅಂದುಕೊಂಡಿರಬೇಕು. ಚಟ್ನಿ ಮುಟ್ಟಲಿಲ್ಲ, ಇಡ್ಲಿಯ ಮೇಲೆ ಸಕ್ಕರೆ ಕೇಳಿದರು. ನಮ್ಮ ಅಡುಗೆ ಭಟ್ಟರು ಒಳಗಿಂದ ನೋಡಿ ಮುಖ ತಿರುಗಿಸಿಕೊಂಡರು.

ನನ್ನ ಹೋಟೆಲಿಗೆ ಬರುವವರು ಹೆಚ್ಚಿನವರು ಹಿಂಬದಿಯ ಗಾಲಾಗಳ ಕೆಲಸಗಾರರು. ಗಾಲಾ ಅಂದರೆ ಸಣ್ಣ ಕಾರ್ಖಾನೆ; ಒಳಗೆ ತಗಡು ಒತ್ತುವ ಪ್ರೆಸ್ಸುಗಳು. ಪ್ರೆಸ್ಸು ತಗಡನ್ನೂ ಒತ್ತುತ್ತದೆ, ಬೆರಳನ್ನೂ ಒತ್ತುತ್ತದೆ, ಭೇದಭಾವ ಇಲ್ಲ. ದೊಕ್ತೊರಾ ಚಹಾ ಕುಡಿಯುವವರ ಮುಖ ಬಿಟ್ಟು ಗ್ಲಾಸು ಹಿಡಿದ ಕೈಗಳನ್ನು ನೋಡುತ್ತಿದ್ದರು. ಒಬ್ಬನ ಬೆರಳು ಸೊಟ್ಟ, ಇನ್ನೊಬ್ಬನ ಬೆರಳು ಮಡಚುವುದೇ ಇಲ್ಲ. ಎಷ್ಟೋ ವರ್ಷಗಳಿಂದ ಆ ಕೈಗಳಿಂದಲೇ ನಾನು ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತಿದ್ದೇನೆ. ನನಗೆ ಕಂಡದ್ದು ನೋಟು. ದೊಕ್ತೊರಾ ಮಗಳ ಕಿವಿಯಲ್ಲಿ ಏನೋ ಹೇಳಿದರು, ಅವಳು ತಲೆ ಆಡಿಸಿದಳು. ನನಗೆ ಅದು ಸರಿ ಕಾಣಲಿಲ್ಲ.

"ನೀವು ಎಲುಬಿನ ಡಾಕ್ಟರ್ ಹೇಗೆ ಆದಿರಿ ಅಂತ ಕೇಳು" ಅಂದೆ. ಕಷ್ಟದ ಕತೆ ಮೊದಲು ಅವರ ಬಾಯಿಂದಲೇ ಬರಲಿ ಅಂತ ನನ್ನ ಉಪಾಯ.

ಅವರು ಇಂಗ್ಲಿಷಿನಲ್ಲಿ ಹೇಳಿದರು, ಮಗಳು ತನ್ನ ಮುಕ್ಕಾದ ಕನ್ನಡ, ತುಳು, ಹಿಂದಿ ಸೇರಿಸಿ ಹೇಳಿದಳು. ಅವರ ಅಪ್ಪ ದೋಣಿ ಮಾಡುವ ಬಡಗಿ. ಮನೆ ತುಂಬ ಗರಗಸ, ಉಳಿ, ಸುತ್ತಿಗೆ. ಆಟದ ಸಾಮಾನು ಅಂತ ಬೇರೆ ಇರಲಿಲ್ಲ. ಆ ದ್ವೀಪದ ಗಂಡಸರಿಗೆ ಎರಡೇ ಕೆಲಸ, ಸಮುದ್ರಕ್ಕೆ ಇಳಿಯುವುದು ಇಲ್ಲವೇ ಶೇಂದಿಗಾಗಿ ತೆಂಗಿನ ಮರ ಹತ್ತುವುದು. ಹತ್ತಿದವರಲ್ಲಿ ಕೆಲವರು ಹತ್ತಿದ್ದಕ್ಕಿಂತ ಬೇಗ ಇಳಿಯುತ್ತಿದ್ದರು. ಡಾಕ್ಟರಿ ಮುಗಿಸಿ, ಎಲುಬಿನ ಆಪರೇಶನ್ ಕಲಿಯುತ್ತೇನೆ ಅಂತ ಈಕೆ ದೊಡ್ಡ ಸರ್ಜನ್ನರ ಎದುರು ನಿಂತರೆ, ಅವರು ತಲೆಯಿಂದ ಕಾಲಿನವರೆಗೆ ನೋಡಿ (ಹೆಚ್ಚು ಹೊತ್ತು ಬೇಕಾಗಿರಲಿಕ್ಕಿಲ್ಲ) "ಎಲುಬಿಗೆ ಬಲ ಬೇಕು ಹುಡುಗಿ. ಹೆರಿಗೆ ವಾರ್ಡು ಆ ಕಡೆ" ಅಂದರಂತೆ.

"ಸರಿಯಾಗಿಯೇ ಹೇಳಿದ್ದಾರಲ್ಲ" ಅಂದೆ.

ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಇವರು ಆ ಕಡೆ ಹೋಗಿ ಹೆರಿಗೆ ವಾರ್ಡಿನ ಕೆಲಸ ಮುಗಿಸುವುದು, ಬಂದು ಸರ್ಜನ್ನರ ಬಾಗಿಲಲ್ಲಿ ನಿಲ್ಲುವುದು. ದಿನಾ ಅದೇ. ಕೊನೆಗೆ ಸರ್ಜನ್ನರಿಗೇ ಬೇಜಾರಾಗಿ ಒಳಗೆ ಕರೆದರು. ಆಪರೇಶನ್ ಟೇಬಲ್ಲು ಎತ್ತರ, ಇವರು ಕುಳ್ಳು. ಅಪ್ಪ ದೋಣಿಯ ಮರದಲ್ಲಿ ಒಂದು ಗಟ್ಟಿ ಮಣೆ ಮಾಡಿಕೊಟ್ಟರು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವುದು, ಮೇಲೆ ನಿಂತು ಎಲುಬು ಕೊಯ್ಯುವುದು. ಆಸ್ಪತ್ರೆಯವರು ಇವರನ್ನು ಬಡಗಿ ಅಂತಲೇ ಕರೆಯುತ್ತಿದ್ದರಂತೆ. ಬೈಗುಳ ಅಂದುಕೊಂಡು ಕರೆದದ್ದು. ಈಕೆ ಅಪ್ಪನಿಗೆ ಹೋಗಿ ಹೇಳಿದರೆ ಅಪ್ಪ ಇಡೀ ಓಣಿಗೆ ಮೀನೂಟ ಹಾಕಿಸಿದರಂತೆ.

ದೊಕ್ತೊರಾ ತಾವೊಬ್ಬರೇ ನೋಡಿದ ಮೊದಲ ರೋಗಿ ಮರದಿಂದ ಬಿದ್ದು ಭುಜ ತಪ್ಪಿಸಿಕೊಂಡ ದೈತ್ಯ. ಇವರನ್ನು ನೋಡಿ "ಡಾಕ್ಟರ್ ಯಾವಾಗ ಬರ್ತಾರೆ?" ಅಂದ. "ಬರುವವರೆಗೆ ನಾನು ಕೈ ಹಿಡಿದುಕೊಂಡಿರಲೇ?" ಅಂತ ಅವನ ಪಕ್ಕ ಮಲಗಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಕೈ ಹಿಡಿದು, ಜಗ್ಗದೆ ಸುಮ್ಮನೆ ಭಾರ ಬಿಟ್ಟುಕೊಂಡು, ಅವನ ಹೆಂಡತಿ ಮಕ್ಕಳ ವಿಷಯ ಕೇಳುತ್ತಾ ಇದ್ದರಂತೆ. ಮಾಂಸಖಂಡಕ್ಕೆ ಸುಸ್ತಾಗಬೇಕು, ಆಮೇಲೆ ಎಲುಬು ತಾನಾಗಿ ಮನೆಗೆ ಹೋಗುತ್ತದೆ ಅಂದರು. ಕಟಕ್ ಅಂತ ಭುಜ ಕೂತಿತು. ಅವನಿಗೆ ಗೊತ್ತೇ ಆಗಲಿಲ್ಲ. "ಡಾಕ್ಟರ್ ಎಲ್ಲಿ?" ಅಂತ ಮತ್ತೆ ಕೇಳಿದನಂತೆ.

"ಬಂದು ಹೋದರು" ಅಂದರಂತೆ ಇವರು.

ನಾನು ನಕ್ಕೆ. ನಗಬಾರದು ಅಂತಲೇ ಕೂತಿದ್ದೆ. ಸಂದರ್ಭ ಕೈತಪ್ಪುತ್ತಿದೆ ಅನಿಸಿ ನೇರ ವಿಷಯಕ್ಕೆ ಬಂದೆ. "ಇಷ್ಟೆಲ್ಲ ಕಷ್ಟ ಇವಳಿಗೆ ಬೇಡ, ಹೆರಿಗೆಯದ್ದೇ ತಗೋ ಅಂತ ನೀವೇ ಹೇಳಿ. ಅಪ್ಪ ಓದಿದವನಲ್ಲ, ಅವನ ಮಾತು ಕೇಳುವುದಿಲ್ಲ, ಗುರುವಿನದ್ದು ಕೇಳುತ್ತಾಳೆ. ಹೇಳು ಮಗಾ, ಇದ್ದ ಹಾಗೆ ಹೇಳು."

ಮಗಳ ಮುಖ ಕೆಂಪಾಯಿತು. ಆದರೂ ಇದ್ದ ಹಾಗೆಯೇ ಹೇಳಿದಳು. ನನ್ನ ಹೋಟೆಲ್ ಇಂಗ್ಲಿಷಿಗೂ ಅಷ್ಟು ತಿಳಿಯಿತು. ದೊಕ್ತೊರಾ, ನಾನು ಯಾಕೆ ಓದಲಿಲ್ಲ ಅಂತ ಕೇಳಿದರು.

"ನನ್ನನ್ನು ಇಟ್ಟುಕೊಳ್ಳುವ ಯೋಗ್ಯತೆ ಶಾಲೆಗಿರಲಿಲ್ಲ ಅಂತ ಹೇಳು."

ಮಗಳು ಹೇಳಿದಳು. ಅವರು ನಗಲಿಲ್ಲ. ಕಾದರು. ಆ ದೈತ್ಯನ ಕೈ ಹಿಡಿದು ಹೀಗೇ ಕಾದಿರಬೇಕು. ಮುದುಕಿಯ ಎದುರು ಎಷ್ಟು ಹೊತ್ತು ಸುಮ್ಮನೆ ಕೂರುವುದು? ಹೇಳಿದೆ. ನನ್ನ ಅಪ್ಪ ಧಣಿಗಳ ತೋಟದಲ್ಲಿ ತೆಂಗಿನಕಾಯಿ ಕೀಳುವವರು. ಒಂದು ಮಳೆಗಾಲ ಬಿದ್ದರು. ಊರಿನ ಎಲುಬು ಕಟ್ಟುವವ ಬಿದಿರಿನ ದಬ್ಬೆ ಇಟ್ಟು, ಎಣ್ಣೆ ಹಾಕಿ ಕಟ್ಟಿದ. ಕಾಲು ಕೂಡಿತು, ಗಿಡ್ಡವಾಗಿ, ಸೊಟ್ಟಗಾಗಿ. ಆಮೇಲೆ ಮರ ಹತ್ತಲಿಲ್ಲ. ನಾನು ಬಸ್ಸು ಹತ್ತಿದೆ.

ಮಗಳು ಅನುವಾದ ಮಾಡುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದಳು. "ಅಜ್ಜನ ಕಾಲು ಹುಟ್ಟಿನಿಂದಲೇ ಹಾಗಲ್ವಾ ಪಪ್ಪಾ?"

"ಹಾಗಂತ ಯಾರು ಹೇಳಿದ್ದು?"

"ಯಾರೂ ಏನೂ ಹೇಳ್ಲಿಲ್ಲ, ಅದಕ್ಕೇ."

ದೊಕ್ತೊರಾ ಅವಳ ಮೊಣಕೈ ತಟ್ಟಿ ಇಂಗ್ಲಿಷಿನಲ್ಲಿ ಹೇಳಿಸಿಕೊಂಡರು. ಆಮೇಲೆ ಪ್ರಶ್ನೆಗಳು ಶುರು. ಯಾವ ಕಾಲು? ಬಲ. ಬಿದ್ದದ್ದು ನಿಂತ ಹಾಗೋ, ಕೂತ ಹಾಗೋ? ಪಾದ ಹೊರಕ್ಕೆ ತಿರುಗಿತ್ತೇ? ನಮ್ಮ ಊರಿನಲ್ಲಿ, ಮುಂಬಯಿಯಲ್ಲಿ, ಇಷ್ಟು ಕಾಲದಲ್ಲಿ ಆ ಕಾಲಿನ ಬಗ್ಗೆ 'ಪಾಪ' ಅಂದವರು ಬಹಳ. ಯಾವ ಕಾಲು ಅಂತ ಕೇಳಿದವರು ಇಲ್ಲ. ಅವರು ಎರಡು ಚಮಚ ತೆಗೆದು ಒಂದರ ಮೇಲೊಂದು ಜಾರಿಸಿ ಇಟ್ಟರು. ತೊಡೆಯ ಎಲುಬು ಹೀಗೆ ಹತ್ತಿ ಕೂತಿದೆ. ಭಾರ ಕಟ್ಟಿ ಎಳೆದು ಮಲಗಿಸಿದ್ದರೆ ಹೀಗೆ ಆಗುತ್ತಿತ್ತು ಅಂತ ಚಮಚಗಳನ್ನು ನೇರ ಮಾಡಿದರು. ಆ ಕಾಲದಲ್ಲೂ ಆಗುತ್ತಿತ್ತು.

ಇನ್ನೊಂದು ಮಾತು ಹೇಳಿದರು. ಮಗಳು ಅದನ್ನು ಕನ್ನಡಕ್ಕೆ ತರಲು ಬಹಳ ಹೊತ್ತು ತಡಕಾಡಿದಳು. "ಅವರು ಹೇಳೋದು... ಅವರ ಐಲ್ಯಾಂಡಿನಲ್ಲೂ ಮರದಿಂದ ಬೀಳೋದು ಅಪ್ಪ. ಶಾಲೆ ಬಿಡೋದು ಮಗು."

ನಾನು ಚಮಚಗಳನ್ನು ತೆಗೆದು ತೊಳೆಯಲು ಮೋರಿಗೆ ಕಳಿಸಿದೆ. ಟೇಬಲ್ಲು ಖಾಲಿ ಇರಬೇಕು, ಗಿರಾಕಿಗಳು ಬರುವ ಹೊತ್ತು.

ಸನ್ಮಾನದ ದಿನ ಮಾಟುಂಗದ ಸಂಘದ ಹಾಲಿನಲ್ಲಿ ನಾನು ಮೊದಲ ಸಲ ವೇದಿಕೆಯ ಮೇಲಿನಿಂದ ಉಪ್ಪಿಟ್ಟಿನ ಪಾತ್ರೆಯನ್ನು ನೋಡಿದೆ. ಅಲ್ಲಿಂದ ಅದು ಸಣ್ಣದಾಗಿ ಕಾಣುತ್ತದೆ. ಹಿಂದೆ ಬ್ಯಾನರಿನಲ್ಲಿ 'ಖ್ಯಾತ ಲೇಡಿ ಡಾಕ್ಟರ್' ಅಂತ ಬರೆಸಿದ್ದರು. ಎಲುಬಿನವರು ಅಂತ ನಾನು ಮೊದಲೇ ಅಧ್ಯಕ್ಷರಿಗೆ ಹೇಳಿದ್ದೆ. "ಬ್ಯಾನರ್ ಪ್ರಿಂಟ್ ಆಗಿದೆ ಮಾರಾಯ್ರೆ" ಅಂದಿದ್ದರು. ಪ್ರಿಂಟ್ ಆದ ಮೇಲೆ ಎಲುಬೂ ಹೆರಿಗೆಯೇ. ಅವರ ಭಾಷಣದಲ್ಲಿ ದೊಕ್ತೊರಾ ಸಾವಿರಾರು ಕಂದಮ್ಮಗಳನ್ನು ಭೂಮಿಗೆ ತಂದ ಮಹಾತಾಯಿಯಾದರು. ಕನ್ನಡ ಬಾರದ ಮಹಾತಾಯಿ ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದರು.

ಶಾಲು ಹೊದಿಸಿದರು. ಹಣ್ಣು, ತೆಂಗಿನಕಾಯಿ ಇಟ್ಟ ತಟ್ಟೆ ಕೊಟ್ಟರು. ದೊಕ್ತೊರಾ ಕಾಯಿಯನ್ನು ಕೈಯಲ್ಲಿ ತೂಗಿ, ಮಗಳ ಕಡೆ ಬಾಗಿ ಏನೋ ಕೇಳಿದರು. ಮಗಳು ನನ್ನ ಕಡೆ ಬಾಗಿದಳು.

"ಇದನ್ನು ಕಿತ್ತವನು ಚೆನ್ನಾಗಿದ್ದಾನಾ ಅಂತ ಕೇಳ್ತಿದ್ದಾರೆ ಪಪ್ಪಾ."

ಅಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಘೋಷಣೆ ಮಾಡಿದರು. ಈ ಮಹಾತಾಯಿಯ ಶಿಷ್ಯೆ, ನಮ್ಮದೇ ಹೋಟೆಲಿನವರ ಸುಪುತ್ರಿ, ಹೆರಿಗೆಯ ಓದು ಮುಗಿಸಿ ನಮ್ಮ ಗೋರೆಗಾಂವ್ ಆಸ್ಪತ್ರೆಯ ಲೇಡಿ ಡಾಕ್ಟರ್ ಆಗಲಿದ್ದಾಳೆ. ಚಪ್ಪಾಳೆ. ಮಗಳು ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗಲೂ ಇಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಮೊದಲ ಸಾಲಿನ ಕಾಲುಗಳನ್ನು ನೋಡುತ್ತಾ ಕೂತಳು. ತಂದೆಯವರು ಎರಡು ಮಾತು ಆಡಬೇಕು ಅಂತ ಮೈಕ್ ನನ್ನ ಕೈಗೆ ಬಂತು.

ಮೈಕ್ ತಣ್ಣಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಭಾಷಣ ಕಲಿತವನಲ್ಲ. ಗಲ್ಲಾದ ಮೇಲೆ ಹೇಗೆ ಕೂಗುತ್ತೇನೋ ಹಾಗೆಯೇ ಹೇಳಿದೆ.

"ಅಧ್ಯಕ್ಷರ ಮಾತಿನಲ್ಲಿ ಎರಡು ತಪ್ಪುಂಟು. ಈ ಅಮ್ಮ ಹೆರಿಗೆ ಮಾಡಿಸಿದವರಲ್ಲ, ಎಲುಬು ಕೂರಿಸಿದವರು. ನನ್ನ ಮಗಳೂ ಗೋರೆಗಾಂವ್‌ಗೆ ಬರುವುದಿಲ್ಲ, ಅವಳು ಎಲುಬಿನ ಡಾಕ್ಟರ್ ಆಗುತ್ತಾಳೆ. ಮಾತು ಕೊಟ್ಟವ ನಾನು, ವಾಪಸು ತೆಗೆದುಕೊಳ್ಳುವವನೂ ನಾನೇ. ಉಪ್ಪಿಟ್ಟು ತಣ್ಣಗಾಗುತ್ತಾ ಉಂಟು, ಎಲ್ಲರೂ ಬನ್ನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಕ್ತೊರಾ ತಟ್ಟಿದರು, ಅವರು ಎಲ್ಲದಕ್ಕೂ ತಟ್ಟುತ್ತಿದ್ದರು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಧ್ಯಕ್ಷರು ನನ್ನ ಹೆಗಲಿನ ಕಡೆ ನೋಡಲಿಲ್ಲ. ಉಪ್ಪಿಟ್ಟನ್ನು ಮಾತ್ರ ಎರಡು ಸಲ ಹಾಕಿಸಿಕೊಂಡರು. ಆಮೇಲಿನಿಂದ ಸಂಘಕ್ಕೆ ಬೇರೆ ಹೋಟೆಲಿನ ಉಪ್ಪಿಟ್ಟು ಹೋಗುತ್ತದೆ. ಒಣಗಿರುತ್ತದೆ ಅಂತ ಕೇಳಿದ್ದೇನೆ. ದೇವರು ದೊಡ್ಡವನು.

ದೊಕ್ತೊರಾಗೆ ಲೋಕಲಿನಲ್ಲೇ ಹೋಗಬೇಕಂತೆ. ಶಾಲು, ತೆಂಗಿನಕಾಯಿ ಸಮೇತ ದಾದರ್ ಸ್ಟೇಷನ್ನಿಗೆ ಬಂದೆವು. ಪ್ಲಾಟ್‌ಫಾರ್ಮಿನ ಆ ಜನಜಂಗುಳಿಯಲ್ಲಿ ಮಗಳು ಮೊಬೈಲ್ ತೆಗೆದು ನನ್ನ ಮುಖಕ್ಕೆ ಹಿಡಿದಳು.

"ಎಲುಬು ಅಂತ ಫಸ್ಟ್ ಹಾಕಿ ಇಟ್ಟಿದ್ದೆ ಪಪ್ಪಾ. ಲಾಕ್ ಮಾಡಿರಲಿಲ್ಲ. ಲಾಕ್ ಮಾಡಿದ್ರೆ ಮತ್ತೆ ಬದಲಾಗಲ್ಲ. ಮಾಡ್ಲಾ?"

"ನನ್ನನ್ನು ಕೇಳಿ ಹಾಕಿದ್ದೋ?"

"ಅದಕ್ಕೇ ಲಾಕ್ ಮಾಡ್ಲಿಲ್ಲ."

"ಗಾಡಿ ಬಂತು. ಬೇಗ ಮಾಡು ಮಾರಾಯ್ತಿ."

ಬೆರಳು ಒತ್ತಿದಳು. ಹೆಂಗಸರು ಲೇಡೀಸ್ ಡಬ್ಬಿಗೆ ಹೋದರು, ನಾನು ಜನರಲ್ ಡಬ್ಬಿಗೆ. ಜೋಗೇಶ್ವರಿಯವರೆಗೆ ಯಾರದೋ ಮೊಣಕೈ ನನ್ನ ಪಕ್ಕೆಲುಬಿನಲ್ಲಿತ್ತು. ಮುರಿದರೂ ಪರವಾಗಿಲ್ಲ, ವ್ಯವಸ್ಥೆ ಆಗಿದೆ ಅಂತ ಧೈರ್ಯವಾಗಿ ನಿಂತೆ.

ದೊಕ್ತೊರಾ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನನಗೆ ಕೈ ಕುಲುಕಲು ಕೈ ಚಾಚಿದರು. ಅದನ್ನು ಹಿಡಿದು ಏನು ಮಾಡುವುದು ಅಂತ ತೋಚಲಿಲ್ಲ. ಹಣೆಗೆ ಒತ್ತಿಕೊಂಡೆ. ಒರಟು ಕೈ, ಬಡಗಿಯದ್ದೇ. ನನಗೆ ಜ್ವರ ಇರಲಿಲ್ಲ.

ಈಗ ಮಗಳು ಸರಕಾರಿ ಆಸ್ಪತ್ರೆಯಲ್ಲಿ ಎಲುಬಿನ ಓದು ಓದುತ್ತಿದ್ದಾಳೆ. ಓದು ಅಂದರೆ ಬೆಳಗಿನಿಂದ ಪ್ಲಾಸ್ಟರ್ ಹಾಕುವುದು. ಸಂಬಂಧಗಳು ಬರುತ್ತವೆ, ಎಲುಬು ಅಂದ ಕೂಡಲೇ ಹೋಗುತ್ತವೆ. ಅವ್ವ ಮೊಣಕಾಲು ತೋರಿಸಲು ಅವಳ ರಜೆಯನ್ನು ನನಗಿಂತ ಚೆನ್ನಾಗಿ ಲೆಕ್ಕ ಇಟ್ಟಿದ್ದಾಳೆ. ಗಾಲಾದ ಕೆಲಸಗಾರರು ಚಹಾದ ಜೊತೆ ಬೆರಳೂ ತೋರಿಸುತ್ತಾರೆ. "ಹೋಟೆಲೋ ದವಾಖಾನೆಯೋ?" ಅಂತ ನಾನು ರೇಗುತ್ತೇನೆ. ಯಾರೂ ಕೇಳುವುದಿಲ್ಲ.

ಮೊನ್ನೆ ಸಂಜೆ ಡ್ಯೂಟಿ ಮುಗಿಸಿ ನೇರ ಹೋಟೆಲಿಗೆ ಬಂದಳು. ಮೊಣಕೈಯವರೆಗೆ ಬಿಳಿ, ಕೂದಲಲ್ಲಿ ಬಿಳಿ, ಹುಬ್ಬಿನ ಮೇಲೂ ಒಂದು ಗೆರೆ. ಗಲ್ಲಾದ ಪಕ್ಕ ನಿಂತು ನೀರು ಕುಡಿಯುತ್ತಿದ್ದಳು. ಹೊಸ ಗಿರಾಕಿಯೊಬ್ಬ ಮೈದಾ ಹಿಟ್ಟು ಅಂದುಕೊಂಡಿರಬೇಕು, ಚಿಟಿಕೆ ಹೊಡೆದು ಕರೆದ.

"ಏ ಬಾಯಿ, ಎರಡು ಪೂರಿ ಭಾಜಿ. ಜಲ್ದಿ."

ಅವನಿಗೆ ಹೇಳಬೇಕಾದದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವಳು ಯಾರು ಗೊತ್ತಾ, ಎಲ್ಲಿ ಓದಿದವಳು ಗೊತ್ತಾ, ಯಾರ ಶಿಷ್ಯೆ ಗೊತ್ತಾ ಅಂತ ಶುರು ಮಾಡಲಿಕ್ಕೆ ಕುರ್ಚಿಯಿಂದ ಎದ್ದೆ ಕೂಡ. ಅಷ್ಟರಲ್ಲಿ ಅವಳು ಗ್ಲಾಸು ಇಟ್ಟು, ಒಳಗೆ ತಿರುಗಿ, ನನ್ನದೇ ಗಂಟಲಿನಲ್ಲಿ, ನನ್ನದೇ ತುಳುವಿನಲ್ಲಿ ಕೂಗಿದಳು.

"ಭಟ್ರೇ, ರಡ್ಡ್ ಪೂರಿ!"

ಪೂರಿ ಬಂತು. ಅವಳೇ ತೆಗೆದುಕೊಂಡು ಹೋಗಿ ಇಟ್ಟಳು. ಇಡುವಾಗ ಅವನ ಎಡಗೈಯ ಕಿರುಬೆರಳು ನೋಡಿ, "ಇದು ಯಾವಾಗ ಆದದ್ದು?" ಅಂತ ಹಿಂದಿಯಲ್ಲಿ ಕೇಳುತ್ತಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಅವನು ಪೂರಿ ಬಿಟ್ಟು ಬೆರಳಿನ ಕತೆ ಹೇಳತೊಡಗಿದ. ಹೇಳಿ ಮುಗಿಸಿ, "ಆದರೆ ನೀನ್ಯಾಕೆ ಕೇಳ್ತೀಯಾ? ಇದನ್ನು ಡಾಕ್ಟರಿಗೇ ತೋರಿಸಬೇಕು" ಅಂದ.

ನಾನು ಗಲ್ಲಾದಿಂದ ಕೂಗಿದೆ, "ತಿಂದು ಮುಗಿಸು. ಡಾಕ್ಟರ್ ಬಂದಾಗಿದೆ."